ಪುಟ್ಟ ನಾಯಿ ತರುವ ಮುನ್ನ: ಯಾವ ತೊಂದರೆಯ ಜೊತೆ ನಿಮ್ಮ ಮನೆ ಬಾಳಬಲ್ಲದು?

"ಪಗ್ ತರೋಣವಾ, ಶಿಟ್ಜೂ ತರೋಣವಾ, ಇಲ್ಲಾ ಪಾಮ್ ಸಾಕಾ?" ಫ್ಲ್ಯಾಟಿಗೆ ಪುಟ್ಟ ನಾಯಿ ಬೇಕು ಅನ್ನುವವರು ಮೊದಲು ಕೇಳುವುದು ಇದನ್ನೇ. ಅಷ್ಟು ಹೊತ್ತಿಗೆ ಅವರ ಫೋನಿನಲ್ಲಿ ಮೂರೂ ಮರಿಗಳ ಫೋಟೋ ಬಂದಿರುತ್ತದೆ. ನಲವತ್ತು ನಲವತ್ತೈದು ದಿನದ ಮರಿ ಯಾವ ಜಾತಿಯದ್ದಾದರೂ ಮುದ್ದಾಗಿಯೇ ಇರುತ್ತದೆ. ಮುದ್ದು ನೋಡಿ ಆರಿಸಹೊರಟರೆ ಮೂರರಲ್ಲಿ ಯಾವುದನ್ನೂ ಬಿಡಲು ಮನಸ್ಸಾಗುವುದಿಲ್ಲ.

ನಾನು ಬೇರೆ ದಾರಿ ಹೇಳುತ್ತೇನೆ. ಒಂದೊಂದು ಜಾತಿಗೂ ಅದರದ್ದೇ ಆದ ತೊಂದರೆಗಳಿವೆ. ಒಂದಕ್ಕೆ ಉಸಿರಾಟದ ಕಷ್ಟ, ಒಂದಕ್ಕೆ ಕೂದಲಿನ ಕೆಲಸ, ಒಂದಕ್ಕೆ ಬೊಗಳುವ ಚಟ, ಒಂದಕ್ಕೆ ಬೆನ್ನುನೋವು. ಇವುಗಳಲ್ಲಿ ಯಾವುದನ್ನು ನಿಮ್ಮ ಮನೆ ಹನ್ನೆರಡು ಹದಿನೈದು ವರ್ಷ ಸಂಭಾಳಿಸಬಲ್ಲದು ಅಂತ ಮೊದಲು ನೋಡಿ. ಚಿಕ್ಕ ನಾಯಿಗಳು ದೊಡ್ಡ ನಾಯಿಗಳಿಗಿಂತ ಜಾಸ್ತಿ ವರ್ಷ ಬದುಕುತ್ತವೆ. ಇವತ್ತು ಒಂದನೇ ಕ್ಲಾಸಿನಲ್ಲಿರುವ ಮಗಳು ಪಿಯುಸಿ ಮುಗಿಸುವ ತನಕ ಆ ನಾಯಿ ನಿಮ್ಮ ಮನೆಯಲ್ಲೇ ಇರುತ್ತದೆ.

ಮೊದಲು ಮನೆಯನ್ನು ಅಳೆಯಿರಿ

ನಾಯಿ ಜಾತಿಗಳ ಪಟ್ಟಿಗೆ ಹೋಗುವ ಮುಂಚೆ ಒಂದಷ್ಟು ಪ್ರಶ್ನೆಗಳಿಗೆ ಮನೆಯವರೆಲ್ಲ ಕೂತು ಉತ್ತರ ಕಂಡುಕೊಳ್ಳಬೇಕು.

ಹಗಲು ಮನೆಯಲ್ಲಿ ಯಾರಿರುತ್ತಾರೆ? ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಜೊತೆಗಾರ ನಾಯಿಗಳನ್ನು ಜನ ನೂರಾರು ವರ್ಷ ತಳಿ ಬೆಳೆಸಿದ್ದೇ ಮನುಷ್ಯರ ಪಕ್ಕದಲ್ಲಿ ಕೂರಲು. ಒಂಟಿಯಾಗಿ ಒಂಬತ್ತು ಗಂಟೆ ಇರುವುದು ಅವುಗಳಿಗೆ ಒಗ್ಗುವುದಿಲ್ಲ. ಬಾಗಿಲು ಕೆರೆಯುತ್ತವೆ, ಚಪ್ಪಲಿ ಕಚ್ಚುತ್ತವೆ, ದಿನವಿಡೀ ಕೂಗುತ್ತವೆ. ಕೆಲವು ತಮ್ಮ ಪಾದವನ್ನೇ ನೆಕ್ಕಿ ನೆಕ್ಕಿ ಗಾಯ ಮಾಡಿಕೊಳ್ಳುತ್ತವೆ. ಮರಿಯಾಗಿದ್ದಾಗಂತೂ ಎರಡು ಮೂರು ಗಂಟೆಗೊಮ್ಮೆ ಉಚ್ಚೆಗೆ ಕರೆದುಕೊಂಡು ಹೋಗಬೇಕು. ಇಬ್ಬರೂ ಆಫೀಸಿಗೆ ಹೋಗುವ ಮನೆಗೆ ಎರಡು ತಿಂಗಳ ಮರಿ ತರುವುದು ಮರಿಗೂ ಕಷ್ಟ, ನಿಮಗೂ ಕಷ್ಟ.

ಎರಡನೆಯದು ನಿಮ್ಮ ಊರಿನ ಹವೆ. ನಾಯಿಗಳಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಬೆಂಗಳೂರು, ಮೈಸೂರಿನಲ್ಲಿ ಹೇಗೋ ನಡೆಯುವ ನಾಯಿ ಕಲಬುರಗಿ, ರಾಯಚೂರಿನ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಒದ್ದಾಡುತ್ತದೆ. ಮಂಗಳೂರು, ಕಾರವಾರದ ಕಡೆ ಬಿಸಿಲಿಗಿಂತ ಸೆಕೆ ಕಾಡುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಏದುಸಿರಿನಿಂದ ಮೈ ತಣಿಯುವುದೂ ಕಡಿಮೆ. ಮಲೆನಾಡಿನ ಮಳೆಗಾಲದಲ್ಲಿ ಉದ್ದ ಕೂದಲು ಒಣಗುವುದೇ ಇಲ್ಲ. ಚರ್ಮಕ್ಕೆ ಫಂಗಸ್ ಹಿಡಿಯುತ್ತದೆ, ಕೂದಲೊಳಗೆ ಉಣ್ಣಿ ಅಡಗಿದರೆ ಕಣ್ಣಿಗೆ ಕಾಣುವುದಿಲ್ಲ. ಉಣ್ಣಿಯಿಂದ ಬರುವ ಜ್ವರ ನಾಯಿಯ ಜೀವಕ್ಕೇ ಕುತ್ತು ತರಬಲ್ಲದು.

ಮೂರನೆಯದು ಡಾಕ್ಟರು. ನಮ್ಮ ತಾಲೂಕು ಊರುಗಳ ಪಶು ಆಸ್ಪತ್ರೆಗಳಲ್ಲಿ ಹಸು, ಎಮ್ಮೆ, ಕುರಿಗಳದ್ದೇ ಹೆಚ್ಚಿನ ಕೆಲಸ. ಅಲ್ಲಿನ ಡಾಕ್ಟರು ಲಸಿಕೆ ಹಾಕುತ್ತಾರೆ, ಸಣ್ಣಪುಟ್ಟ ಕಾಯಿಲೆ ನೋಡುತ್ತಾರೆ. ಆದರೆ ನಾಯಿಯ ಬೆನ್ನುಹುರಿಗೆ ಸ್ಕ್ಯಾನ್ ಬೇಕು, ಕಣ್ಣಿಗೆ ಸರ್ಜರಿ ಬೇಕು ಅಂದರೆ ದೊಡ್ಡ ಊರಿಗೇ ಓಡಬೇಕು. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮ್ಮ ಮನೆಯಿಂದ ಅಂಥ ಕಡೆಗೆ ಎಷ್ಟು ದೂರ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ದೂರ ಇದ್ದಷ್ಟೂ ಕಡಿಮೆ ಕಾಯಿಲೆಯ ನಾಯಿ ಆರಿಸಬೇಕು.

ಉಳಿದವು ಇವು. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದಾರಾ? ಜಾರಿ ಬೀಳುವ ಭಯ ಇರುವ ಹಿರಿಯರಿದ್ದಾರಾ? ಗೋಡೆಯಾಚೆ ಯಾರಿದ್ದಾರೆ? ಬಾಡಿಗೆ ಮನೆಯಾದರೆ ಓನರ್ ಒಪ್ಪಿದ್ದಾರಾ? ಹಬ್ಬಕ್ಕೆ, ಮದುವೆಗೆ, ಊರ ಜಾತ್ರೆಗೆ ಹೋದಾಗ ನಾಯಿ ಎಲ್ಲಿರುತ್ತದೆ?

ಇನ್ನು ಪಗ್

ಪಗ್ ಮೊದಲಿಗೆ ಬರಬೇಕು, ಯಾಕೆಂದರೆ ಅತಿ ಹೆಚ್ಚು ಜನ ಕೇಳುವುದು ಇದನ್ನು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಒಬ್ಬ ಹುಡುಗನ ಹಿಂದೆಯೇ ಪಗ್ ಓಡಿತು. ಅಲ್ಲಿಂದ ದೇಶದ ತುಂಬ ಪಗ್‌ಗೆ ಬೇಡಿಕೆ ಬಂತು. ಬೇಡಿಕೆ ಬಂದ ಮೇಲೆ ಸಿಕ್ಕ ಸಿಕ್ಕವರೆಲ್ಲ ಮರಿ ಹಾಕಿಸಲು ಶುರು ಮಾಡಿದರು. ತಾಯಿ ತಂದೆಯ ಆರೋಗ್ಯ ನೋಡಿದವರು ಕಡಿಮೆ.

ಗುಣದಲ್ಲಿ ಪಗ್ ನಿಜಕ್ಕೂ ಒಳ್ಳೆಯದು. ಮಕ್ಕಳ ಜೊತೆ ಹೊಂದಿಕೊಳ್ಳುತ್ತದೆ, ಸುಮ್ನೆ ಬೊಗಳುವುದಿಲ್ಲ, ನೆಂಟರ ಮೇಲೆ ಹಾರುವುದಿಲ್ಲ. ಏಳೆಂಟು ಕೆಜಿ ತೂಗುವ ಗಟ್ಟಿ ಮೈ. ಚಿಕ್ಕ ಮಗು ಮೇಲೆ ಬಿದ್ದರೂ ಮೂಳೆ ಮುರಿಯುವ ಭಯ ಕಡಿಮೆ. ತೊಂದರೆ ಇರುವುದು ಆ ಚಪ್ಪಟೆ ಮೂತಿಯಲ್ಲೇ. ಮೂತಿ ಗಿಡ್ಡವಾಯಿತು, ಆದರೆ ಒಳಗಿನ ಅಂಗುಳಿನ ಮಾಂಸ ಅಷ್ಟೇ ಉಳಿಯಿತು. ಮೂಗಿನ ಹೊಳ್ಳೆ ಸಣ್ಣದಾಯಿತು. ಹಾಗಾಗಿ ಗಾಳಿ ಹೋಗಲು ದಾರಿಯೇ ಸಾಲದು. ನಾವು ಮುದ್ದು ಅಂತ ವಿಡಿಯೋ ಮಾಡುವ ಗೊರಕೆ ಎಷ್ಟೋ ಸಲ ಉಸಿರಿಗಾಗಿ ನಾಯಿ ಪಡುವ ಕಷ್ಟ. ನೆದರ್ಲೆಂಡ್ಸ್‌ನಲ್ಲಿ ತೀರಾ ಚಪ್ಪಟೆ ಮೂತಿಯ ನಾಯಿಗಳಿಂದ ಮರಿ ಹಾಕಿಸುವುದಕ್ಕೇ ಕಾನೂನಿನ ತಡೆ ಇದೆ.

ದಿನದ ಬದುಕಿನಲ್ಲಿ ಇದರ ಅರ್ಥ ಇಷ್ಟು. ಬೇಸಿಗೆಯಲ್ಲಿ ಬೆಳಗ್ಗೆ ಏಳರ ಮೇಲೆ ವಾಕಿಂಗ್ ಬೇಡ. ಮಧ್ಯಾಹ್ನ ಕಾರಿನಲ್ಲಿ ಐದು ನಿಮಿಷ ಬಿಟ್ಟು ಹೋಗುವಂತಿಲ್ಲ. ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತ ಮೊದಲೇ ಯೋಚಿಸಿರಬೇಕು. ನಾಯಿಯ ಮಾಮೂಲಿ ಮೈಬಿಸಿ 38ರಿಂದ 39 ಡಿಗ್ರಿ. 41 ದಾಟಿದರೆ ಜೀವಕ್ಕೆ ಅಪಾಯ. ಪಗ್‌ಗೆ ಅಲ್ಲಿಗೆ ತಲುಪಲು ಜಾಸ್ತಿ ಹೊತ್ತು ಬೇಡ. ನಾಲಿಗೆ ನೀಲಿಯಾಗಿ, ಜೊಲ್ಲು ಸುರಿಸುತ್ತಾ ತೂರಾಡಿದರೆ ಮೈಗೆ ನೀರು ಹಾಕಿ, ಫ್ಯಾನಿನ ಗಾಳಿ ಕೊಟ್ಟು, ತಕ್ಷಣ ಡಾಕ್ಟರ ಹತ್ತಿರ ಹೊರಡಬೇಕು.

ಇದಲ್ಲದೆ ಮುಖದ ಮಡಿಕೆಗಳನ್ನು ದಿನವೂ ಒರೆಸಬೇಕು, ಇಲ್ಲವೆಂದರೆ ಒಳಗೆ ಹುಣ್ಣಾಗಿ ವಾಸನೆ ಬರುತ್ತದೆ. ಕಣ್ಣು ಹೊರಗೆ ಚಾಚಿರುವುದರಿಂದ ಗಿಡದ ಮುಳ್ಳು ತಾಗಿದರೂ ಗಾಯವಾಗುತ್ತದೆ. ಎಷ್ಟು ತಿಂದರೂ ಇನ್ನೂ ಬೇಕು ಅನ್ನುವ ಸ್ವಭಾವ. ಅಜ್ಜಿ ಒಂದು ಚಪಾತಿ, ಮೊಮ್ಮಗ ಒಂದು ಬಿಸ್ಕತ್ತು ಕೊಟ್ಟರೆ ಆರು ತಿಂಗಳಲ್ಲಿ ದಪ್ಪಗಾಗುತ್ತದೆ. ದಪ್ಪಗಾದರೆ ಉಸಿರಾಟ ಇನ್ನೂ ಕಷ್ಟ. ಕೂದಲು ಗಿಡ್ಡವಾಗಿದ್ದರೂ ವರ್ಷವಿಡೀ ಉದುರುತ್ತದೆ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬಯಲುಸೀಮೆಯ ಬಿಸಿ ಊರುಗಳಲ್ಲಿ, ಎಸಿ ಇಲ್ಲದ ಮನೆಗೆ ಪಗ್ ಬೇಡ. ಬೆಂಗಳೂರಿನಲ್ಲಿ, ಹಗಲು ಯಾರಾದರೂ ಮನೆಯಲ್ಲಿರುವ, ಡಾಕ್ಟರ ಖರ್ಚಿಗೆ ಹಣ ತೆಗೆದಿಡಬಲ್ಲ ಕುಟುಂಬಕ್ಕೆ ಆಗಬಹುದು. ಆಗಲೂ ಮೂತಿ ತುಸು ಉದ್ದ ಇರುವ, ಹೊಳ್ಳೆ ಅಗಲ ಇರುವ ಮರಿಯನ್ನೇ ಹುಡುಕಿ. ಫ್ರೆಂಚ್ ಬುಲ್‌ಡಾಗ್‌ಗೂ ಇದೇ ಮಾತು, ಬೆಲೆ ಮಾತ್ರ ಇನ್ನೂ ಜಾಸ್ತಿ.

ಶಿಟ್ಜೂ, ಲಾಸಾ ಆಪ್ಸೊ

ಎರಡೂ ನೋಡಲು ಒಂದೇ ಥರ. ಎರಡರ ಬೇರೂ ಟಿಬೆಟ್‌ನದ್ದು. ಸ್ವಭಾವ ಮಾತ್ರ ಬೇರೆ. ಶಿಟ್ಜೂ ಚೀನಾದ ಅರಮನೆಗಳಲ್ಲಿ ತೊಡೆಯ ಮೇಲೆ ಬೆಳೆದ ನಾಯಿ. ಯಾರು ಬಂದರೂ ಬಾಲ ಆಡಿಸುತ್ತದೆ. ಲಾಸಾ ಟಿಬೆಟ್‌ನ ಮಠಗಳ ಒಳಗೆ ಕಾವಲಿಗಿದ್ದದ್ದು. ಹೊಸಬರನ್ನು ನಂಬುವುದಿಲ್ಲ, ಬೆಲ್ ಆದರೆ ಬೊಗಳುತ್ತದೆ, ಮಕ್ಕಳು ಎಳೆದಾಡಿದರೆ ಸಹಿಸುವುದಿಲ್ಲ. ಶಿಟ್ಜೂ ಅಂತ ಹೇಳಿ ಲಾಸಾ ಬೆರಕೆ ಮರಿ ಮಾರುವುದೂ ಉಂಟು. ಹಾಗಾಗಿ ತಾಯಿ ನಾಯಿ ಹೊಸಬರೊಡನೆ ಹೇಗಿದೆ ಅಂತ ನೋಡುವುದು ಇಲ್ಲಿ ತುಂಬ ಮುಖ್ಯ.

ಎರಡಕ್ಕೂ ದೊಡ್ಡ ಕೆಲಸ ಕೂದಲಿನದ್ದು. ಇವುಗಳ ಕೂದಲು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇರುತ್ತದೆ. ಉದುರುವುದು ಕಡಿಮೆ, ಅದು ನಿಜ. ಸೋಫಾ, ಊಟದ ತಟ್ಟೆ ಎಲ್ಲ ಚೊಕ್ಕವಾಗಿರುತ್ತವೆ. ಆದರೆ ಉದುರದ ಕೂದಲು ಗಂಟಾಗುತ್ತದೆ. ನಾಲ್ಕು ದಿನ ಬಾಚಲಿಲ್ಲ ಅಂದರೆ ಕಿವಿಯ ಹಿಂದೆ, ಕಂಕುಳಲ್ಲಿ, ಹಿಂಗಾಲಿನ ನಡುವೆ ಜಡೆ ಕಟ್ಟುತ್ತದೆ. ಆ ಗಂಟು ಚರ್ಮವನ್ನು ಎಳೆಯುತ್ತದೆ, ಅಡಿಯಲ್ಲಿ ತೇವ ನಿಂತು ಗಾಯವಾಗುತ್ತದೆ. ದಿನಕ್ಕೆ ಹದಿನೈದು ನಿಮಿಷ ಬಾಚಣಿಗೆ ಹಿಡಿದು ಕೂರುವವರು ಮನೆಯಲ್ಲಿ ಯಾರು? ಹೆಸರು ಹೇಳಿ ನಿರ್ಧರಿಸಿ. "ಎಲ್ಲರೂ ಮಾಡೋಣ" ಅಂದರೆ ಯಾರೂ ಮಾಡುವುದಿಲ್ಲ.

ಇದಕ್ಕೆ ಒಂದು ಸುಲಭದ ದಾರಿ ಇದೆ. ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಯೇ ಇಡುವುದು. ಗ್ರೂಮಿಂಗ್‌ನವರು ಪಪ್ಪಿ ಕಟ್ ಅನ್ನುತ್ತಾರೆ. ಆರರಿಂದ ಎಂಟು ವಾರಕ್ಕೊಮ್ಮೆ ಮಾಡಿಸಿದರೆ ಮನೆಯ ಕೆಲಸ ಅರ್ಧ ಕಡಿಮೆಯಾಗುತ್ತದೆ. ಬೆಂಗಳೂರಿನಲ್ಲಿ ಒಂದು ಸಲಕ್ಕೆ ಸಾವಿರದಿಂದ ಎರಡು ಸಾವಿರ ರೂಪಾಯಿ ಇಟ್ಟುಕೊಳ್ಳಿ. ಚಿಕ್ಕ ಊರಿನಲ್ಲಿ ಗ್ರೂಮಿಂಗ್ ಮಾಡುವವರೇ ಸಿಗದಿದ್ದರೆ ನೀವೇ ಟ್ರಿಮ್ಮರ್ ತಂದು ಕಲಿಯಬೇಕು. ನಮ್ಮ ಹವೆಗೆ ಶಿಟ್ಜೂ ನೆಲಕ್ಕೆ ತಾಗುವ ಉದ್ದ ಕೂದಲಿನಲ್ಲಿ ಇರುವುದು ಒಳ್ಳೆಯದಲ್ಲ ಅಂತಲೇ ನಾನು ಹೇಳುವುದು.

ಶಿಟ್ಜೂ ಮೂತಿಯೂ ಗಿಡ್ಡವೇ. ಪಗ್‌ನಷ್ಟು ಅಲ್ಲದಿದ್ದರೂ ಬಿಸಿಲು ತಡೆಯುವುದಿಲ್ಲ. ಕಣ್ಣಿಂದ ನೀರು ಸುರಿದು ಮುಖದ ಮೇಲೆ ಕಂದು ಗೆರೆ ಬೀಳುತ್ತದೆ, ದಿನವೂ ಒರೆಸಬೇಕು. ಜೋಲು ಕಿವಿಯೊಳಗೆ ಗಾಳಿ ಆಡದೆ ಸೋಂಕಾಗುತ್ತದೆ. ಉಚ್ಚೆ, ಕಕ್ಕ ಹೊರಗೆ ಮಾಡುವುದನ್ನು ಕಲಿಯಲು ಇವು ನಿಧಾನ. ತಿಂಗಳುಗಟ್ಟಲೆ ತಾಳ್ಮೆ ಬೇಕು. ಆದರೂ ಫ್ಲ್ಯಾಟಿನ ಬದುಕಿಗೆ, ಬೊಗಳುವುದು ಬೇಡ ಅನ್ನುವವರಿಗೆ, ಚಿಕ್ಕ ನಾಯಿಗಳಲ್ಲಿ ಸ್ವಭಾವಕ್ಕೆ ಇದರಷ್ಟು ಹೊಂದುವುದು ಕಡಿಮೆ. ಖರ್ಚು ಮತ್ತು ಕೂದಲಿನ ಕೆಲಸ ಒಪ್ಪಿಕೊಂಡವರು ಇದನ್ನು ಧೈರ್ಯವಾಗಿ ನೋಡಬಹುದು.

ಪಾಮ್: ನಮ್ಮ ಹಳೆಯ ಪರಿಚಯ

ನಮ್ಮ ಊರುಗಳಲ್ಲಿ ಪಾಮೇರಿಯನ್ ಅಂತ ಕರೆಯುವ ಬಿಳಿ ನಾಯಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ನಿಜವಾದ ಪಾಮೇರಿಯನ್ ಮೂರೂವರೆ ಕೆಜಿ ದಾಟುವುದಿಲ್ಲ. ಸ್ಪಿಟ್ಜ್ ಅದಕ್ಕಿಂತ ದೊಡ್ಡದು, ಮೂತಿ ಉದ್ದ, ಇಲ್ಲಿನ ಬಿಸಿಲಿಗೆ ಹಲವು ತಲೆಮಾರಿನಿಂದ ಒಗ್ಗಿದೆ. ಈಗ ಟಾಯ್ ಪಾಮ್ ಅಂತ ಹೆಚ್ಚು ಬೆಲೆಗೆ ಮಾರುವುದು ಆ ನಿಜವಾದ ಪಾಮೇರಿಯನ್ ಅನ್ನು. ಎರಡರಲ್ಲಿ ಆರಿಸುವುದಾದರೆ ನನ್ನ ವೋಟು ಸ್ಪಿಟ್ಜ್‌ಗೆ. ಅಗ್ಗ, ಗಟ್ಟಿ, ಬುದ್ಧಿವಂತ. ಅನ್ನ ಮೊಸರು, ಬೇಯಿಸಿದ ಕೋಳಿ, ಮೊಟ್ಟೆ ತಿಂದುಕೊಂಡು ಹದಿನಾಲ್ಕು ವರ್ಷ ಬದುಕಿದ ಸ್ಪಿಟ್ಜ್‌ಗಳು ನಮ್ಮ ಬೀದಿಗಳಲ್ಲಿ ಬೇಕಾದಷ್ಟಿವೆ.

ತೊಂದರೆ ಒಂದೇ ಮಾತಿನಲ್ಲಿ ಹೇಳುವುದಾದರೆ ಬೊಗಳುವುದು. ಹಾಲಿನವರು, ಕೊರಿಯರ್‌ನವರು, ಲಿಫ್ಟ್ ಸದ್ದು, ಮೇಲಿನ ಮನೆಯ ಕುರ್ಚಿ ಎಳೆದ ಸದ್ದು, ಎಲ್ಲಕ್ಕೂ ಬೊಗಳುತ್ತದೆ. ಸ್ವಂತ ಮನೆ, ಕಾಂಪೌಂಡು ಇದ್ದರೆ ಅದೇ ಗುಣ ಕಾವಲಿಗೆ ಅನುಕೂಲ. ಹತ್ತು ಮನೆಗಳು ಒಂದೇ ಕಾರಿಡಾರಿಗೆ ತೆರೆಯುವ ಅಪಾರ್ಟ್‌ಮೆಂಟಿನಲ್ಲಿ ಅದೇ ದಿನದ ಜಗಳ. ಮರಿಯಲ್ಲಿಯೇ ತರಬೇತಿ ಕೊಟ್ಟರೆ ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸಲಾಗದು. ಪಕ್ಕದ ಮನೆಯಲ್ಲಿ ಹಸುಗೂಸು ಇದ್ದರೆ, ರಾತ್ರಿ ಪಾಳಿ ಮಾಡಿ ಹಗಲು ಮಲಗುವವರಿದ್ದರೆ ದಯವಿಟ್ಟು ಯೋಚಿಸಿ.

ಕೂದಲು ಎರಡು ಪದರದ್ದು, ರಾಶಿ ಉದುರುತ್ತದೆ. ಬೇಸಿಗೆ ಬಂತು ಅಂತ ಕೆಲವರು ಪೂರ್ತಿ ಬೋಳಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಆ ಪದರ ಬಿಸಿಲನ್ನೂ ತಡೆಯುತ್ತದೆ. ಒಮ್ಮೆ ಬೋಳಿಸಿದರೆ ಕೆಲವಕ್ಕೆ ಕೂದಲು ಮೊದಲಿನಂತೆ ಬರುವುದೇ ಇಲ್ಲ. ಚಿಕ್ಕ ಪಾಮ್‌ಗಳಿಗೆ ಮಂಡಿಚಿಪ್ಪು ಜಾರುವ ತೊಂದರೆ ಇದೆ. ಓಡುತ್ತಾ ಓಡುತ್ತಾ ಹಿಂಗಾಲು ಎತ್ತಿ ಕುಂಟಿ ಮತ್ತೆ ಸರಿಯಾಗಿ ಓಡಿದರೆ ಅದೇ ಇರಬಹುದು. ಉಸಿರ್ನಾಳವೂ ಮೆದು. ಕುತ್ತಿಗೆಗೆ ಬೆಲ್ಟ್ ಹಾಕಿ ಎಳೆದರೆ ಕೆಮ್ಮು ಶುರುವಾಗುತ್ತದೆ. ಎದೆಗೆ ಹಾಕುವ ಹಾರ್ನೆಸ್ಸೇ ಬೇಕು. ಹಲ್ಲಿನ ತೊಂದರೆ ಎಲ್ಲ ಚಿಕ್ಕ ನಾಯಿಗಳಿಗೂ ಇದ್ದದ್ದೇ, ಪಾಮ್‌ಗೆ ಇನ್ನೂ ಜಾಸ್ತಿ. ಪುಟ್ಟ ದವಡೆಯಲ್ಲಿ ಅಷ್ಟೂ ಹಲ್ಲು ಒತ್ತೊತ್ತಾಗಿ ಕೂರುತ್ತವೆ. ಹಲ್ಲುಜ್ಜುವ ಅಭ್ಯಾಸ ಮರಿಯಲ್ಲೇ ಮಾಡಿಸದಿದ್ದರೆ ಏಳೆಂಟು ವರ್ಷಕ್ಕೆ ಹಲ್ಲು ಕೀಳಿಸುವ ಪಾಡು.

ಡ್ಯಾಶ್‌ಹೌಂಡ್

ಉದ್ದ ಬೆನ್ನು, ಗಿಡ್ಡ ಕಾಲು. ಜರ್ಮನಿಯಲ್ಲಿ ಬಿಲದೊಳಗೆ ನುಗ್ಗಿ ಬೇಟೆಯಾಡಲು ಬೆಳೆಸಿದ ನಾಯಿ. ನಮ್ಮ ಹವೆಗೆ ಇದು ಚೆನ್ನಾಗಿ ಹೊಂದುತ್ತದೆ. ಮೂತಿ ಉದ್ದ, ಕೂದಲು ಗಿಡ್ಡ, ಸ್ನಾನ ಸುಲಭ. ತೋಟದ ಮನೆಗಳಲ್ಲೂ ಇದನ್ನು ಸಾಕುತ್ತಾರೆ. ಇಲಿ, ಹಾವು ಕಂಡರೆ ಹಿಂದೆ ಮುಂದೆ ನೋಡದೆ ನುಗ್ಗುತ್ತದೆ. ಆ ಧೈರ್ಯ ಕಾಫಿ, ಅಡಿಕೆ ತೋಟಗಳಲ್ಲಿ ಅದರ ಜೀವಕ್ಕೇ ಅಪಾಯ.

ಇದರ ದೊಡ್ಡ ಕೊರತೆ ಬೆನ್ನು. ಕಾಲು ಗಿಡ್ಡ ಮಾಡುವ ಗುಣದ ಜೊತೆಗೇ ಬೆನ್ನೆಲುಬಿನ ನಡುವಿನ ಡಿಸ್ಕ್ ಬೇಗ ಗಟ್ಟಿಯಾಗುವ ಗುಣವೂ ಬರುತ್ತದೆ. ಸೋಫಾದಿಂದ ಒಮ್ಮೆ ಹಾರಿದ್ದೇ ನೆಪವಾಗಿ ಡಿಸ್ಕ್ ಜಾರಬಹುದು. ಬೆಳಗ್ಗೆ ಓಡಾಡುತ್ತಿದ್ದ ನಾಯಿ ಸಂಜೆಗೆ ಹಿಂಗಾಲು ಎಳೆಯುತ್ತದೆ. ಆಗ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಸಿಗಬೇಕು. ಸ್ಕ್ಯಾನ್, ಸರ್ಜರಿ ಅಂತ ಹೋದರೆ ಖರ್ಚು ಲಕ್ಷದ ಹತ್ತಿರ ಹೋಗಬಹುದು. ಅದೂ ದೊಡ್ಡ ಊರುಗಳಲ್ಲಿ ಮಾತ್ರ. ಲಿಫ್ಟ್ ಇಲ್ಲದ ಮೂರನೇ ಮಹಡಿಯ ಮನೆಗೆ, ಡ್ಯೂಪ್ಲೆಕ್ಸ್ ಮನೆಗೆ ಡ್ಯಾಶ್ ಬೇಡವೇ ಬೇಡ. ಒಂದೇ ಮಟ್ಟದ ಮನೆ, ತೂಕದ ಮೇಲೆ ಕಣ್ಣು, ಹಾಸಿಗೆಗೆ ಹತ್ತಲು ಇಳಿಜಾರು ಹಲಗೆ, ಇಷ್ಟಿದ್ದರೆ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಠದ ನಾಯಿ ಕೂಡ. ಮೊದಲ ಸಲ ಸಾಕುವವರಿಗೆ ತುಸು ಕಷ್ಟ.

ಟೀಕಪ್, ಚಿವಾವಾ, ಬೀಗಲ್

ಟೀಕಪ್ ಅನ್ನುವುದು ಜಾತಿಯಲ್ಲ, ಮಾರಾಟದ ಹೆಸರು. ಗುಂಪಿನಲ್ಲಿ ತೀರಾ ಕುಳ್ಳಾದ ಮರಿಗಳಿಂದ ಮತ್ತೆ ಮರಿ ಹಾಕಿಸಿ ಮಾಡಿದ್ದು. ಎರಡು ಹೊತ್ತು ಊಟ ತಪ್ಪಿದರೆ ಸಕ್ಕರೆ ಅಂಶ ಇಳಿದು ಫಿಟ್ಸ್ ಬರಬಹುದು. ಮಂಚದಿಂದ ಬಿದ್ದರೆ ಕಾಲು ಮುರಿಯುತ್ತದೆ. ಚಿವಾವಾಗಳಲ್ಲಿ ನೆತ್ತಿಯ ಮೂಳೆ ಪೂರ್ತಿ ಕೂಡದೆ ಉಳಿಯುವುದೂ ಇದೆ. ಮಕ್ಕಳಿರುವ ಮನೆಗೆ ಇವು ಬೇಡ. ಟೀಕಪ್ ಅಂತ ಹೆಸರಿಟ್ಟ ಮರಿಯನ್ನು ಯಾರೂ ಕೊಳ್ಳಬಾರದು ಅನ್ನುವುದು ನನ್ನ ಖಚಿತ ಮಾತು. ಕೊಳ್ಳುವವರು ಇರುವ ತನಕ ಅಂಥ ಮರಿಗಳನ್ನು ಹುಟ್ಟಿಸುತ್ತಲೇ ಇರುತ್ತಾರೆ.

ಬೀಗಲ್ ಗಾತ್ರ ನೋಡಿ ಮೋಸಹೋಗಬೇಡಿ. ಅದು ಮೊಲದ ಬೆನ್ನಟ್ಟುವ ನಾಯಿ. ದಿನಕ್ಕೆ ಒಂದು ಗಂಟೆಗೂ ಜಾಸ್ತಿ ಓಡಾಟ ಬೇಕು. ಇಲ್ಲವೆಂದರೆ ಮನೆ ಕೆಡವುತ್ತದೆ. ಊಳಿಟ್ಟರೆ ಮೂರು ಮಹಡಿಗೆ ಕೇಳಿಸುತ್ತದೆ. ಬೆಳಗ್ಗೆ ಕೆರೆ ಸುತ್ತ ಓಡುವ ಅಭ್ಯಾಸ ಇರುವವರಿಗೆ ಸರಿ.

ದೇಸಿ ನಾಯಿ: ಪಟ್ಟಿಯಲ್ಲಿ ಇಲ್ಲದ ಆಯ್ಕೆ

ಪುಟ್ಟ ನಾಯಿ ಕೇಳಿದವರಿಗೆ ದೇಸಿ ನಾಯಿ ಯಾಕೆ ಹೇಳುತ್ತೀರಿ ಅನ್ನಬಹುದು. ಹೌದು, ಇದು ಪುಟ್ಟದಲ್ಲ. ಬೆಳೆದಾಗ ಹನ್ನೆರಡರಿಂದ ಇಪ್ಪತ್ತು ಕೆಜಿ. ಹೆಣ್ಣು ತುಸು ಚಿಕ್ಕದು. ಆದರೆ ಮೇಲಿನ ತೊಂದರೆಗಳ ಪಟ್ಟಿ ಮತ್ತೆ ನೋಡಿ. ಉಸಿರಾಟ, ಬೆನ್ನು, ಕಣ್ಣು, ಕೂದಲು ಇವು ಯಾವುವೂ ಇಲ್ಲಿ ದೊಡ್ಡ ಚಿಂತೆಯಲ್ಲ. ಯಾರೂ ರೂಪಕ್ಕಾಗಿ ತಿದ್ದದೆ, ಈ ನೆಲದಲ್ಲೇ ಬದುಕಿ ಉಳಿದ ಮೈ ಅದು. ರಾಯಚೂರಿನ ಬಿಸಿಲಿಗೂ ಸೈ, ಆಗುಂಬೆಯ ಮಳೆಗೂ ಸೈ. ವಾರಕ್ಕೊಮ್ಮೆ ಒರೆಸಿದರೆ ಮೈ ಚೊಕ್ಕ. ಎಲ್ಲಕ್ಕಿಂತ ಹೆಚ್ಚಾಗಿ, ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲ.

ತೊಂದರೆಗಳು ಬೇರೆ ಥರದವು. ಮೊದಲ ಎರಡು ವರ್ಷ ಓಟ, ಕಚ್ಚಾಟ ಜಾಸ್ತಿ. ಬೆಳಗ್ಗೆ ಸಂಜೆ ಅರ್ಧರ್ಧ ಗಂಟೆ ನಡೆಸದೆ ಆಗುವುದಿಲ್ಲ, ಮಳೆ ಬಂದರೂ. ಹೊಸಬರನ್ನು ಬೇಗ ನಂಬುವುದಿಲ್ಲ. ನೆಂಟರಿಷ್ಟರು ಬಂದು ಹೋಗುತ್ತಿರುವ ಮನೆಯಾದರೆ ಮರಿಯಲ್ಲೇ ಜನರ ಪರಿಚಯ ಮಾಡಿಸಬೇಕು. ಬೀದಿಯ ಇತರ ನಾಯಿಗಳು ನಿಮ್ಮ ನಾಯಿಯ ಮೇಲೆ ಏರಿ ಬರುತ್ತವೆ, ಇದು ದಿನದ ತಲೆನೋವು. ಎಂಬತ್ತು ವರ್ಷದ ಅಜ್ಜಿಯ ಕೈಗೆ ಹದಿನೆಂಟು ಕೆಜಿ ನಾಯಿಯ ಚೈನು ಕೊಡಲಾಗದು. "ಬೀದಿ ನಾಯಿಯನ್ನ ಮನೆಯೊಳಗೆ ಬಿಟ್ಕೊಂಡಿದ್ದೀರಾ?" ಅನ್ನುವ ಮಾತೂ ಬರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇದರ ಪಕ್ಕದಲ್ಲೇ ಇನ್ನೊಂದು ಆಯ್ಕೆ ಇದೆ. ನನಗೆ ಬಹಳ ಇಷ್ಟವಾದದ್ದು ಇದೇ. ಬೆಳೆದ ಪುಟ್ಟ ನಾಯಿಯನ್ನು ದತ್ತು ತರುವುದು. ವಿದೇಶಕ್ಕೆ ಹೊರಟವರು, ಮಗು ಹುಟ್ಟಿದ ಮೇಲೆ ಬೇಡವೆಂದವರು, ಮರಿ ಹಾಕಿಸಿ ಮುಗಿಸಿದವರು ಬಿಟ್ಟುಹೋದ ಪಗ್, ಶಿಟ್ಜೂ, ಲಾಸಾಗಳು ಆಶ್ರಯಧಾಮಗಳಲ್ಲಿ ಮನೆಗಾಗಿ ಕಾಯುತ್ತಿರುತ್ತವೆ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಪ್ರಾಣಿ ರಕ್ಷಣೆಯ ಸಂಸ್ಥೆ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್‌ನಂಥ ಕಡೆ ವಿಚಾರಿಸಿ. ನಾಲ್ಕೈದು ವರ್ಷದ ನಾಯಿಯ ಸ್ವಭಾವ, ಕಾಯಿಲೆ, ಬೊಗಳುವ ಚಟ ಎಲ್ಲ ಕಣ್ಣೆದುರೇ ಇರುತ್ತದೆ. ಮರಿಯಲ್ಲಿ ಇವೆಲ್ಲ ಬರೀ ಊಹೆ. ತೊಂದರೆ ಅಂದರೆ ಹಳೆಯ ಭಯಗಳು ಇರಬಹುದು. ಹೊಂದಿಕೊಳ್ಳಲು ಎರಡು ಮೂರು ತಿಂಗಳು ಕೊಡಬೇಕು. ಡಾಕ್ಟರ ಖರ್ಚೂ ಬೇಗ ಶುರುವಾಗುತ್ತದೆ.

ದುಡ್ಡಿನ ಲೆಕ್ಕ

ಮರಿಯ ಬೆಲೆ ಒಂದು ಸಲದ ಖರ್ಚು. ಅದನ್ನೇ ನೋಡಿ ಜನ ನಿರ್ಧರಿಸುತ್ತಾರೆ. ಆರು ಕೆಜಿಯ ನಾಯಿಗೆ ತಿಂಗಳಿಗೆ ಸುಮಾರು ಮೂರು ಕೆಜಿ ಒಣ ಆಹಾರ ಬೇಕು. ಒಳ್ಳೆಯದೇ ಕೊಟ್ಟರೆ ಸಾವಿರದಿಂದ ಎರಡು ಸಾವಿರ. ಉಣ್ಣಿ ಔಷಧ, ಜಂತು ಮಾತ್ರೆ, ವರ್ಷದ ಲಸಿಕೆಗಳು ಬೇರೆ. ಶಿಟ್ಜೂಗೆ ಗ್ರೂಮಿಂಗ್ ಸೇರಿಸಿ. ಪಗ್, ಡ್ಯಾಶ್ ತಂದರೆ ಪ್ರತಿ ತಿಂಗಳೂ ಒಂದು ಸಾವಿರವಾದರೂ ಬೇರೆ ಖಾತೆಗೆ ಹಾಕಿ. ಅದು ಮುಂದಿನ ಆಸ್ಪತ್ರೆಯ ಹಣ. ತಿಂಗಳಿಗೆ ಎರಡು ಸಾವಿರ ದಾಟಬಾರದು ಅನ್ನುವ ಮನೆಗೆ ಸ್ಪಿಟ್ಜ್ ಅಥವಾ ದೇಸಿ ಬಿಟ್ಟು ಬೇರೆ ಯಾವುದೂ ನೆಮ್ಮದಿ ಕೊಡುವುದಿಲ್ಲ.

ಮನೆ ಅಡುಗೆ ಕೊಟ್ಟು ಖರ್ಚು ಇಳಿಸಬಹುದು. ಆದರೆ ನಾವು ತಿನ್ನುವ ಸಾರು ಅನ್ನ ಅಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದ ಒಣದ್ರಾಕ್ಷಿ ಕಿಡ್ನಿಗೆ ವಿಷ. ಚಾಕೊಲೇಟೂ ಬೇಡ. ನಾಯಿ ಚಿಕ್ಕದಾದಷ್ಟೂ ಸ್ವಲ್ಪವೇ ಸಾಕು ಅಪಾಯಕ್ಕೆ. ಹಬ್ಬದ ದಿನ ಮನೆಗೆ ಬಂದವರು ಪ್ರೀತಿಯಿಂದ ಏನಾದರೂ ಹಾಕಿಬಿಡುತ್ತಾರೆ. ಅವರಿಗೆ ಮೊದಲೇ ಹೇಳಿ.

ಊರಿಗೆ ಹೋಗುವ ಖರ್ಚನ್ನು ಯಾರೂ ಎಣಿಸುವುದಿಲ್ಲ. ನಾವಿಲ್ಲದಾಗ ನಾಯಿಯನ್ನು ಇಟ್ಟುಕೊಂಡು ನೋಡಿಕೊಳ್ಳುವ ಬೆಂಗಳೂರಿನ ಬೋರ್ಡಿಂಗ್‌ಗಳಲ್ಲಿ ದಿನಕ್ಕೆ ಆರುನೂರರಿಂದ ಸಾವಿರ ರೂಪಾಯಿ. ರೈಲಿನಲ್ಲಿ ಜೊತೆಗೆ ಕರೆದುಕೊಂಡು ಹೋಗಬೇಕಾದರೆ ಎಸಿ ಫಸ್ಟ್ ಕ್ಲಾಸಿನ ಕೂಪೆಯನ್ನು ಪೂರ್ತಿ ನಿಮಗೇ ಬುಕ್ ಮಾಡಿಸಬೇಕು. ಇಲ್ಲವಾದರೆ ಗಾರ್ಡ್ ಬ್ರೇಕ್ ವ್ಯಾನಿನ ಪೆಟ್ಟಿಗೆಯಲ್ಲಿ ಕಳಿಸಬೇಕು. ಪುಟ್ಟ ನಾಯಿಗೆ ಆ ಸದ್ದು, ಸೆಕೆ ಬೇಡ. ಚಪ್ಪಟೆ ಮೂತಿಯ ನಾಯಿಗಳನ್ನು ಅನೇಕ ವಿಮಾನ ಸಂಸ್ಥೆಗಳು ಕಾರ್ಗೋದಲ್ಲಿ ಒಯ್ಯುವುದಿಲ್ಲ. ಮುಂದೆ ವಿದೇಶಕ್ಕೆ ಹೋಗುವ ಯೋಚನೆ ಇದ್ದರೆ ಪಗ್ ಬಿಡಲು ಇದೂ ಒಂದು ಕಾರಣ.

ಯಾವ ಮನೆಗೆ ಯಾವುದು?

ಅಪ್ಪ ಅಮ್ಮ ಇಬ್ಬರೇ ಮೈಸೂರಿನಲ್ಲೋ ಧಾರವಾಡದಲ್ಲೋ ಇದ್ದಾರೆ, ಮಕ್ಕಳು ಅಮೆರಿಕದಲ್ಲೋ ಜರ್ಮನಿಯಲ್ಲೋ. "ಅವರಿಗೆ ಜೊತೆಗಿರಲಿ" ಅಂತ ರಜೆಗೆ ಬಂದ ಮಗ ಒಂದು ಮರಿ ತಂದುಕೊಟ್ಟು ವಾಪಸ್ ಹೋಗುತ್ತಾನೆ. ಇದು ಈಗ ತುಂಬ ನಡೆಯುತ್ತಿದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಮರಿ ಅಂದರೆ ರಾತ್ರಿ ಎರಡು ಸಲ ಏಳುವುದು, ನೆಲ ಒರೆಸುವುದು, ಬಗ್ಗುವುದು. ಕಾಲಿಗೆ ಅಡ್ಡ ಸಿಕ್ಕಿದ ಮರಿಯಿಂದ ಬಿದ್ದು ಸೊಂಟ ಮುರಿದುಕೊಂಡರೆ ಎಪ್ಪತ್ತು ವರ್ಷದವರ ಓಡಾಟವೇ ನಿಂತುಹೋಗಬಹುದು. ಅಷ್ಟೇ ಅಲ್ಲ, ಹದಿನೈದು ವರ್ಷದ ಲೆಕ್ಕ ಹಾಕಿ. ಅಂಥ ಮನೆಗೆ ಐದಾರು ವರ್ಷದ, ಶಾಂತ ಸ್ವಭಾವದ ಶಿಟ್ಜೂವನ್ನು ದತ್ತು ತರುವುದು ಸರಿ. ಮುಂದೆ ಅಪ್ಪ ಅಮ್ಮನಿಗೆ ಆಗದಿದ್ದರೆ ನಾಯಿಯನ್ನು ನೋಡಿಕೊಳ್ಳುವವರು ಯಾರು ಅಂತ ಈಗಲೇ ಮಾತಾಡಿಕೊಳ್ಳಿ. ಮೊದಲಿಗೆ ಅಪ್ಪ ಅಮ್ಮನಿಗೆ ನಾಯಿ ಬೇಕಾ ಅಂತ ಅವರನ್ನೇ ಕೇಳಿ.

ಇಬ್ಬರೂ ಕೆಲಸಕ್ಕೆ ಹೋಗುವ ಗಂಡ ಹೆಂಡತಿ, ಹಗಲು ಮನೆ ಖಾಲಿ: ಸದ್ಯಕ್ಕೆ ಯಾವ ನಾಯಿಯೂ ಬೇಡ. ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಇದ್ದು, ಉಳಿದ ದಿನ ಮಧ್ಯಾಹ್ನ ಬಂದು ನೋಡಿಕೊಳ್ಳುವವರು ಸಿಕ್ಕರೆ ಬೆಳೆದ ನಾಯಿಯೊಂದನ್ನು ತರಬಹುದು.

ಪುಟ್ಟ ಮಕ್ಕಳಿರುವ ಮನೆ: ಪಾಮ್, ಚಿವಾವಾ, ಲಾಸಾ ಬಿಡಿ. ಮಗುವಿಗೆ ಐದಾರು ವರ್ಷ ತುಂಬುವ ತನಕ ಕಾಯುವುದೇ ಒಳ್ಳೆಯದು. ಸಾಕಿದ ನಾಯಿ ಸುಮ್ನೆ ಪರಚಿದರೂ, ಹಲ್ಲು ತಾಗಿದರೂ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ತೋರಿಸಬೇಕು. ಮರಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಡಾಕ್ಟರು ಹೇಳಿದಂತೆ ವರ್ಷ ವರ್ಷ. ಇದರಲ್ಲಿ ಒಂದು ದಿನವೂ ಸಡಿಲ ಬೇಡ.

ಹಳ್ಳಿ, ಚಿಕ್ಕ ಊರು, ಅಂಗಳ ಇರುವ ಮನೆ: ಸ್ಪಿಟ್ಜ್ ಅಥವಾ ದೇಸಿ. ಯೋಚನೆಯೇ ಬೇಡ.

ಅಪಾರ್ಟ್‌ಮೆಂಟಿನವರು ಒಂದು ವಿಷಯ ತಿಳಿದಿರಿ. ಅಸೋಸಿಯೇಷನ್ನುಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟಿಗೆ ತರಬೇಡಿ ಅನ್ನುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೆ ಬಾಡಿಗೆ ಮನೆಯ ಓನರ್ ಒಲ್ಲೆ ಅಂದರೆ ಆ ಸೂಚನೆ ಹಿಡಿದು ದಿನವೂ ವಾದ ಮಾಡಲಾಗದು. ಅಗ್ರಿಮೆಂಟಿನಲ್ಲೇ ನಾಯಿಯ ಮಾತು ಬರೆಸಿಕೊಳ್ಳಿ. ಕಕ್ಕ ಎತ್ತುವ ಚೀಲ ಜೇಬಿನಲ್ಲಿರಲಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕೊಳ್ಳುವುದೇ ಅಂತ ತೀರ್ಮಾನಿಸಿದ್ದರೆ

2017ರ ನಿಯಮಗಳ ಪ್ರಕಾರ ನಾಯಿ ಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಫೋನಿಗೆ ಫೋಟೋ ಕಳಿಸಿ, "ನಲವತ್ತು ದಿನದ ಮರಿ, ಇವತ್ತೇ ತಗೊಳ್ಳಿ, ಬಸ್ ಸ್ಟ್ಯಾಂಡಿಗೆ ತಂದು ಕೊಡ್ತೀವಿ" ಅನ್ನುವವರನ್ನು ಅಲ್ಲಿಗೇ ಬಿಡಿ. ಮರಿ ಹುಟ್ಟಿದ ಜಾಗಕ್ಕೇ ಹೋಗಿ. ತಾಯಿಯನ್ನು ನೋಡಿ. ಅದು ನಾಲ್ಕು ಹೆಜ್ಜೆ ಓಡಿ ಬಂದಾಗ ಉಸಿರಾಟದ ಸದ್ದು ಕೇಳಿ, ಕಣ್ಣು ನೋಡಿ, ಹೊಸಬರಾದ ನಿಮ್ಮ ಹತ್ತಿರ ಹೇಗೆ ಬರುತ್ತದೆ ಗಮನಿಸಿ. ತಾಯಿಯನ್ನು ತೋರಿಸುವುದಿಲ್ಲ ಅಂದರೆ ಅಲ್ಲಿಂದ ಬರಿಗೈಯಲ್ಲಿ ವಾಪಸ್ ಬನ್ನಿ, ಮಕ್ಕಳು ಅತ್ತರೂ ಸರಿ.

ಲಸಿಕೆ ಕಾರ್ಡಿನಲ್ಲಿ ಡಾಕ್ಟರ ಸಹಿ, ಸೀಲು, ಲಸಿಕೆಯ ಸ್ಟಿಕ್ಕರ್ ಇರಬೇಕು. ಬರೀ ಪೆನ್ನಿನಲ್ಲಿ ಬರೆದ ತಾರೀಕನ್ನು ನಂಬಬೇಡಿ. ಮರಿ ಮನೆಗೆ ಬಂದ ಎರಡು ಮೂರು ದಿನದೊಳಗೆ ನಿಮ್ಮದೇ ಡಾಕ್ಟರಿಗೆ ತೋರಿಸಿ. ನಾಲ್ಕು ತಿಂಗಳಾಗಿ ಲಸಿಕೆಗಳೆಲ್ಲ ಮುಗಿಯುವ ತನಕ ಬೀದಿಯಲ್ಲಿ, ಪಾರ್ಕಿನಲ್ಲಿ ನೆಲಕ್ಕೆ ಬಿಡಬೇಡಿ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮರಿಗಳನ್ನು ಎರಡು ಮೂರು ದಿನದಲ್ಲಿ ಕೊಲ್ಲುತ್ತದೆ. ಎತ್ತಿಕೊಂಡು ಹೋಗಿ ಆಟೋ, ಬೈಕು, ಜನರ ಸದ್ದು ಪರಿಚಯ ಮಾಡಿಸಿ. ದೀಪಾವಳಿಯ ಪಟಾಕಿಗೆ ಹೆದರುವ ನಾಯಿಗಳನ್ನು ನೋಡಿದ್ದೀರಲ್ಲ, ಮರಿಯನ್ನು ಹಬ್ಬ ಕಳೆದ ಮೇಲೆ ತರುವುದು ವಾಸಿ.